ಆಯಿಲ್ ಪ್ರೆಶರ್ ಗೇಜ್ ಕಿಟ್: ಹಳೇ ಮಾರುತಿ 800 ಜೊತೆ ಆರು ವರ್ಷ

ಡ್ಯಾಶ್‌ಬೋರ್ಡಿನಲ್ಲಿ ಗಿಂಡಿ ಚಿತ್ರದ ಕೆಂಪು ಆಯಿಲ್ ಲೈಟು ಉರಿದರೆ ನಾವೆಲ್ಲ ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡುತ್ತೇವೆ. ನಾನೂ ನೋಡಿದೆ. ಆಯಿಲ್ ಮೇಲಿನ ಗೆರೆಗೆ ಸರಿಯಾಗಿತ್ತು. ಆದರೂ ಲೈಟು ಮಿಣುಕುತ್ತಲೇ ಇತ್ತು.

ಅಪ್ಪ 1997ರಲ್ಲಿ ಕೊಂಡ ಕಾರು. ಕಾರ್ಬ್ಯುರೇಟರ್ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್. 2019ರ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ವಾಪಸ್ ಬರ್ತಾ ಇದ್ದೆ. ದಾರಿಯುದ್ದಕ್ಕೂ ಏನೂ ಇಲ್ಲ. ಊರೊಳಗೆ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಲೈಟು ಬರೋದು, ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಹೋಗೋದು. ಮಾರನೇ ದಿನ ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಬಾನೆಟ್ ಎತ್ತುವ ಮೊದಲೇ ತೀರ್ಪು ಬಂತು. "ಸಾರ್, ಬೇರಿಂಗ್ ಸವೆದಿದೆ. ಹಾಫ್ ಇಂಜಿನ್ ಮಾಡಿಸಿಬಿಡಿ." ಇಂಜಿನ್ ಬಿಚ್ಚಿ ಮಾಡುವ ಆ ರಿಪೇರಿಗೆ ಹದಿನೆಂಟು ಸಾವಿರದ ಅಂದಾಜು. ಕಾರು ಮಾರಿದರೂ ಅದಕ್ಕಿಂತ ತುಂಬಾ ಜಾಸ್ತಿಯೇನೂ ಬರುತ್ತಿರಲಿಲ್ಲ.

ಆ ಸಿಟ್ಟಿನಲ್ಲಿ ತರಿಸಿಕೊಂಡದ್ದು ಇಂಜಿನ್ ಆಯಿಲಿನ ಪ್ರೆಶರ್ ಅಳೆಯುವ ಈ ಗೇಜ್ ಕಿಟ್. ಎರಡು ಸಾವಿರದ ಚಿಲ್ಲರೆ ಆಯಿತು. ಕಂಪನಿ ಹೆಸರು ಬೇಡ ಬಿಡಿ, ಒಂದೇ ಮಾಲಿಗೆ ಹತ್ತು ಹೆಸರು ಅಂಟಿಸಿ ಮಾರುತ್ತಾರೆ. ಒಂದು ಡಯಲ್, ಸುಮಾರು ಒಂದು ಮೀಟರ್ ರಬ್ಬರ್ ಹೋಸ್, ಅದನ್ನು ಇಂಜಿನ್ನಿಗೆ ಜೋಡಿಸೋಕೆ ಡಬ್ಬಿ ತುಂಬಾ ಹಿತ್ತಾಳೆ ಅಡಾಪ್ಟರ್‌ಗಳು.

ಆ ಗಿಂಡಿ ಹೇಳುವುದು ಆಯಿಲ್ ಎಷ್ಟಿದೆ ಅಂತ ಅಲ್ಲ, ಪ್ರೆಶರ್ ಬಿದ್ದಿದೆ ಅಂತ. ಇಂಜಿನ್ ಪಕ್ಕದಲ್ಲಿ ಒಂದೇ ವೈರಿನ ಪುಟ್ಟ ಸ್ವಿಚ್ ಕೂತಿರುತ್ತದೆ. ಪ್ರೆಶರ್ ಇಲ್ಲದಾಗ ಅದು ವೈರನ್ನು ಕಾರಿನ ಲೋಹದ ಮೈಗೆ ಸೇರಿಸಿ ಅರ್ತ್ ಮಾಡುತ್ತದೆ, ಲೈಟು ಉರಿಯುತ್ತದೆ. ಪ್ರೆಶರ್ ಬಂದ ಕೂಡಲೇ ಬಿಟ್ಟುಕೊಳ್ಳುತ್ತದೆ. ಅಷ್ಟೇ. ಹಾಗಾಗಿ ಕಾಸು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಇಂಜಿನ್ ಆಫ್ ಇರಲಿ, ಕೀ ಮಾತ್ರ ಆನ್ ಮಾಡಿ, ಸ್ವಿಚ್ಚಿನ ವೈರ್ ಕಿತ್ತು ಹಿಡಿಯಿರಿ. ಲೈಟು ಆರಬೇಕು. ಆರದಿದ್ದರೆ ವೈರೇ ಎಲ್ಲೋ ಕಾರಿನ ಲೋಹದ ಮೈಗೆ ತಾಗುತ್ತಿದೆ. ನನ್ನದು ಆರಿತು. ಅಂದರೆ ವೈರ್ ಸರಿ. ಉಳಿದದ್ದು ಎರಡೇ, ಸ್ವಿಚ್ ಸುಳ್ಳು ಹೇಳುತ್ತಿದೆ, ಇಲ್ಲಾ ಪ್ರೆಶರ್ ನಿಜವಾಗಲೂ ಇಲ್ಲ. ಇದನ್ನು ತೀರ್ಮಾನ ಮಾಡೋಕೆ ಗೇಜ್ ಬಿಟ್ಟರೆ ಬೇರೆ ದಾರಿ ಇಲ್ಲ.

ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಅಡಾಪ್ಟರ್ ಹಾಕಬೇಕು. ಇಲ್ಲೇ ನನಗೆ ಅರ್ಧ ದಿನ ಹೋಯಿತು. ಮೊದಲು ಸಿಕ್ಕ ಎಂಟನೇ ಒಂದು ಇಂಚಿನ ಅಡಾಪ್ಟರ್ ಕೈಯಲ್ಲೇ ಒಂದೂವರೆ ಸುತ್ತು ಹೋಯಿತು, ಆಮೇಲೆ ಗಟ್ಟಿ ಆಯಿತು. ಸ್ಪ್ಯಾನರ್ ಹಾಕೋಣ ಅಂತ ಕೈ ಹೋಗಿತ್ತು. ಪುಣ್ಯಕ್ಕೆ ತೆಗೆದು, ಹಳೇ ಸ್ವಿಚ್ ಪಕ್ಕ ಹಿಡಿದು ನೋಡಿದೆ. ಅಡಾಪ್ಟರ್ ಮೇಲೆ ಎನ್‌ಪಿಟಿ (ಅಮೆರಿಕನ್ ಪೈಪ್ ಅಳತೆ) ಅಂತಿತ್ತು, ಅದರಲ್ಲಿ ಇಂಚಿಗೆ 27 ಮರೆ, ಅಂದರೆ ಸ್ಕ್ರೂ ಥ್ರೆಡ್. ಜಪಾನಿ ಮೂಲದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬಿಎಸ್‌ಪಿಟಿ (ಬ್ರಿಟಿಷ್ ಅಳತೆ), 28 ಮರೆ. ಎರಡನ್ನೂ ಬೆನ್ನಿಗೆ ಬೆನ್ನು ಒತ್ತಿ ಬೆಳಕಿಗೆ ಹಿಡಿದರೆ ಸಣ್ಣಗೆ ಸಂದು ಕಾಣುತ್ತದೆ. ಬಲವಂತ ಮಾಡಿದ್ದರೆ ಇಂಜಿನ್ ಬ್ಲಾಕಿನ ಮರೆಯೇ ಹೋಗುತ್ತಿತ್ತು. ಸರಿಯಾದದ್ದೂ ಡಬ್ಬಿಯಲ್ಲೇ ಇತ್ತು, ಆದರೆ ಯಾವುದು ಯಾವುದಕ್ಕೆ ಅಂತ ಒಂದು ಚೀಟಿಯೂ ಇರಲಿಲ್ಲ. ಇದಕ್ಕೆ ಒಂದು ಸ್ಟಾರ್ ಕಟ್.

ಕಾರನ್ನು ಒಂದು ರೌಂಡ್ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಗೇಜ್ ಕಟ್ಟಿದೆ. ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದೆ ಇಂಜಿನ್ ಓಡುವಾಗ, 18 ಪಿಎಸ್‌ಐ (ಪ್ರೆಶರಿನ ಅಳತೆ), ಆಕ್ಸಿಲರೇಟರ್ ಒತ್ತಿದರೆ 40 ದಾಟಿತು. ಸಾವಿರ ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ಸುತ್ತುವ ಲೆಕ್ಕ) 10 ಪಿಎಸ್‌ಐ ಅನ್ನುವುದು ಮೆಕ್ಯಾನಿಕ್‌ಗಳ ಹಳೇ ಲೆಕ್ಕ. ಈ ಕಾರಲ್ಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯೇ ಮೀಟರ್. ಆದರೂ 18 ಅಂದರೆ ಚಿಂತೆ ಇಲ್ಲ. ಹೊಸ ಸ್ವಿಚ್ ಹಾಕಿದೆ, ಇನ್ನೂರು ರೂಪಾಯಿ ಚಿಲ್ಲರೆ. ಲೈಟು ಹೋಯಿತು. ಹದಿನೆಂಟು ಸಾವಿರ ಉಳಿಯಿತು, ಅಲ್ವಾ? ಸ್ವಿಚ್ ಮರೆಗೆ ಟೆಫ್ಲಾನ್ ಟೇಪ್ ಮಾತ್ರ ಸುತ್ತಿ ಸುತ್ತಿ ತುಂಬಬೇಡಿ. ಅದಕ್ಕೆ ಅರ್ತ್ ಸಿಗುವುದೇ ಮರೆಯಿಂದ.

ಇಷ್ಟಕ್ಕೇ ನಿಂತಿದ್ದರೆ "ಲೈಟು ಬಂದರೆ ಸ್ವಿಚ್ ಬದಲಿಸಿ ಸಾಕು" ಅಂತ ನಾನೂ ಉಪದೇಶ ಮಾಡಿಕೊಂಡು ಓಡಾಡುತ್ತಿದ್ದೆ. 2022ರಲ್ಲಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಒಯ್ಯುವ ವಾರ ಮತ್ತೆ ಅದೇ ಗಿಂಡಿ. ಈ ಸಲ ಗೇಜ್ ಕಟ್ಟಿದರೆ ಸೂಜಿ 5ರ ಕೆಳಗೆ ಒದ್ದಾಡುತ್ತಿತ್ತು. ತಕ್ಷಣ ಇಂಜಿನ್ ಆಫ್ ಮಾಡಿದೆ. ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಕಮ್ಮಿ ಆಗಿಲ್ಲ, ಜಾಸ್ತಿ ಆಗಿದೆ! ಮೇಲಿನ ಗೆರೆಗಿಂತ ಒಂದು ಬೆರಳು ಮೇಲೆ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ಬಂಕಿನ ವಾಸನೆ. ಬೆರಳ ಮಧ್ಯೆ ತಿಕ್ಕಿದರೆ ನೀರಿನ ಹಾಗೆ ತೆಳ್ಳಗೆ. ಇಪ್ಪತ್ತೈದು ವರ್ಷದ ಪೆಟ್ರೋಲ್ ಪಂಪು, ಒಳಗಿನ ಡಯಾಫ್ರಾಮ್ (ರಬ್ಬರ್ ಪೊರೆ) ಹರಿದು ಪೆಟ್ರೋಲನ್ನು ಇಂಜಿನ್ ಆಯಿಲಿಗೇ ಇಳಿಸುತ್ತಿತ್ತು, ಆಯಿಲ್ ತೆಳ್ಳಗಾಗಿ ಪ್ರೆಶರ್ ಬಿದ್ದಿತ್ತು. ವಯಸ್ಸಾದ ರಬ್ಬರ್, ಇನ್ನೇನು ಮಾಡುತ್ತೆ. ಪಂಪು, ಆಯಿಲ್, ಫಿಲ್ಟರ್ ಬದಲಾದ ಮೇಲೆ ಬಿಸಿ ಐಡಲಿಂಗ್‌ನಲ್ಲಿ ಮತ್ತೆ 16.

ನಮ್ಮ ಭಾವನ ಕಾರಿಗೆ ಒಬ್ಬರು ದಪ್ಪ ಆಯಿಲ್ ಸುರಿದು ಲೈಟು "ರಿಪೇರಿ" ಮಾಡಿ ಕೊಟ್ಟಿದ್ದರು. ಗೇಜ್ ಕಟ್ಟಿ ನೋಡಿದಾಗ ಬೆಳಿಗ್ಗೆ ತಣ್ಣಗಿದ್ದಾಗ ಭರ್ಜರಿ, ಅರ್ಧ ಗಂಟೆ ಓಡಿಸಿದ ಮೇಲೆ 7. "ಲೈಟು ಹೋಯ್ತಲ್ಲ ಮಾರಾಯ, ಇನ್ನೇನು?" ಅಂದರು ಭಾವ. ಆ ಇಂಜಿನ್ ನಿಜವಾಗಲೂ ಸವೆದಿತ್ತು. ಲೈಟು ಸಾಮಾನ್ಯವಾಗಿ 4–5 ಪಿಎಸ್‌ಐಗೆ ಬಿದ್ದರೆ ಮಾತ್ರ ಬರುತ್ತದೆ. 7ಕ್ಕೆ ಅದು ಸುಮ್ನೆ ಇರುತ್ತೆ.

ಇನ್ನು ಕಿಟ್ ಹೇಗೆ ಬಾಳಿದೆ ಅಂದರೆ, ಪೆಟ್ಟಿಗೆಯ ಕ್ಲಿಪ್ ಎರಡನೇ ವರ್ಷಕ್ಕೇ ಮುರಿಯಿತು, ಈಗ ಸೈಕಲ್ ಟ್ಯೂಬ್ ಕಟ್ಟಿದ್ದೇನೆ. ಡಯಲ್ ಸುತ್ತಲಿನ ರಬ್ಬರ್ ಕೈಗೆ ಅಂಟುತ್ತದೆ. ಒಂದು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಸೋರಿ ಬದಲಿಸಿದೆ. ಹೋಸ್ ಒಮ್ಮೆ ಎಕ್ಸಾಸ್ಟ್‌ಗೆ ತಾಗಿ ಕರಗಿತು, ಅದು ನನ್ನ ತಪ್ಪು. ಬಿಸಿ ಆಯಿಲ್ ಮೈಮೇಲೆ ಹಾರಿದರೆ ಕತೆ ಬೇರೆ, ಹೋಸನ್ನು ದೂರಕ್ಕೆ ಕಟ್ಟಿಯೇ ಸ್ಟಾರ್ಟ್ ಮಾಡಿ. ಸೂಜಿ ಈಗ ಸೊನ್ನೆಗೆ ವಾಪಸ್ ಬರೋದಿಲ್ಲ, 2ರ ಮೇಲೆ ಕೂರುತ್ತದೆ. ಅಷ್ಟನ್ನು ಕಳೆದು ಓದುತ್ತೇನೆ.

ನನ್ನ ದೊಡ್ಡ ತಕರಾರು ಡಯಲ್ ಬಗ್ಗೆ. 140 ಪಿಎಸ್‌ಐ ತನಕ ಅಳತೆ ಇದೆ, ನಮಗೆ ಬೇಕಾದ್ದೆಲ್ಲ ಶುರುವಿನ 20ರಲ್ಲಿ. 5ಕ್ಕೂ 8ಕ್ಕೂ ನಡುವೆ ಒಂದು ಅಕ್ಕಿ ಕಾಳಿನಷ್ಟೂ ಜಾಗ ಇಲ್ಲ. ಈಗ ಕೊಳ್ಳುವವರು 100ರ ಒಳಗಿನ ಡಯಲ್ ಹುಡುಕಿ, ಬಿಎಸ್‌ಪಿಟಿ ಅಡಾಪ್ಟರ್ ಇದೆಯಾ ಅಂತ ಕೇಳಿಕೊಂಡು ದುಡ್ಡು ಕೊಡಿ. ನನ್ನ ಕಡೆಯಿಂದ ಐದಕ್ಕೆ ಮೂರೂವರೆ.