ಕೋಪರ್ನಿಕಸ್ ಬ್ರೌಸರ್: ನೆಲದ ಚೆಲುವನ್ನು ತಾರೀಖಿನ ಸಮೇತ ನೋಡಲು

ಚಿಲಿ ದೇಶದ ಅಟಕಾಮಾ ಉಪ್ಪುಬಯಲಿನ ಉಪಗ್ರಹ ಚಿತ್ರದಲ್ಲಿ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಕಂದು ಮರಳುಗಾಡಿನ ನಡುವೆ ಕಡುನೀಲಿ, ಪಚ್ಚೆ, ಹಳದಿ ಚೌಕಗಳು. ಅವು ಲಿಥಿಯಂ ಕೊಳಗಳು. ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಎತ್ತಿ ತಿಂಗಳುಗಟ್ಟಲೆ ಬಿಸಿಲಿಗೆ ಆರಲು ಬಿಡುತ್ತಾರೆ. ದ್ರಾವಣ ಗಟ್ಟಿಯಾದಂತೆ ನೀಲಿ ಹಳದಿಗೆ ತಿರುಗುತ್ತದೆ. ನಮ್ಮ ಫೋನು, ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕಾದ ಲೋಹ ಅಲ್ಲಿಂದಲೂ ಬರುತ್ತದೆ, ಜಗತ್ತಿನ ಅತಿ ಒಣ ಜಾಗಗಳಲ್ಲೊಂದರ ನೀರನ್ನು ಆವಿಯಾಗಿಸಿ. ಚಿತ್ರ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಲೆಂಡರಿನಲ್ಲೋ ವಾಲ್‌ಪೇಪರಿನಲ್ಲೋ ಸಿಗುವ ಪ್ರತಿಯಲ್ಲಿ ಅದನ್ನು ಯಾವ ದಿನ ತೆಗೆದರು, ಬಣ್ಣ ಸಹಜದ್ದೋ ಕೂಡಿಸಿದ್ದೋ ಎಂಬುದು ಇರುವುದಿಲ್ಲ. ಆ ಎರಡೂ ಇಲ್ಲದ ಚಿತ್ರ ಬರೀ ಅಲಂಕಾರ. ಕೋಪರ್ನಿಕಸ್ ಬ್ರೌಸರ್ ಎಂಬ ಉಚಿತ ಜಾಲತಾಣವನ್ನು ಶಿಫಾರಸು ಮಾಡಲು ಮೊದಲ ಕಾರಣವೇ ಇದು: ತಾರೀಖನ್ನೂ ಬಣ್ಣದ ವಿಧಾನವನ್ನೂ ನಾವೇ ಆರಿಸುತ್ತೇವೆ, ಎರಡೂ ಸದಾ ಪರದೆಯ ಮೇಲಿರುತ್ತವೆ.

ಯುರೋಪಿನ ಕೋಪರ್ನಿಕಸ್ ಯೋಜನೆಯ ಉಪಗ್ರಹಗಳ ದತ್ತಾಂಶವನ್ನು ಸಾರ್ವಜನಿಕರಿಗೆ ತೋರಿಸುವ ತಾಣವಿದು. ಚಿತ್ರ ನೋಡಲು ಖಾತೆ ಬೇಡ. ಟೈಮ್‌ಲ್ಯಾಪ್ಸ್ ಮಾಡಲು, ವಿಶ್ಲೇಷಣೆಗೆ ಒದಗುವ ಕಡತ ಇಳಿಸಿಕೊಳ್ಳಲು ಉಚಿತ ಖಾತೆ ಸಾಕು. ಇಲ್ಲಿ ಹೆಚ್ಚು ಬಳಕೆಯಾಗುವುದು ಸೆಂಟಿನೆಲ್-2 ಸರಣಿ. ಮೊದಲನೆಯದು 2015ರ ಜೂನ್‌ನಲ್ಲಿ ಹಾರಿತು, ಎರಡನೆಯದು 2017ರ ಮಾರ್ಚ್‌ನಲ್ಲಿ, ಮೂರನೆಯದು 2024ರ ಸೆಪ್ಟೆಂಬರ್‌ನಲ್ಲಿ. ಒಮ್ಮೆಗೆ 290 ಕಿಲೋಮೀಟರ್ ಅಗಲದ ನೆಲವನ್ನು 13 ಬ್ಯಾಂಡ್‌ಗಳಲ್ಲಿ, ಅಂದರೆ ಬೆಳಕಿನ ಬೇರೆ ಬೇರೆ ತರಂಗಪಟ್ಟಿಗಳಲ್ಲಿ, ದಾಖಲಿಸುತ್ತವೆ. ಎರಡು ಉಪಗ್ರಹಗಳ ಜೋಡಿ ಒಂದೇ ಜಾಗಕ್ಕೆ 5 ದಿನಕ್ಕೊಮ್ಮೆ, ಬೆಳಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಬರುತ್ತದೆ. ನೀಲಿ, ಹಸಿರು, ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪಿನ (ಇನ್‌ಫ್ರಾರೆಡ್) ಒಂದು ಬ್ಯಾಂಡ್‌ನಲ್ಲಿ ಒಂದು ಪಿಕ್ಸೆಲ್ ಎಂದರೆ 10 ಮೀಟರ್ ಚೌಕ, ಅಂದರೆ ಒಂದು ಎಕರೆಗೆ ಸುಮಾರು 40 ಪಿಕ್ಸೆಲ್. ಕೆರೆಯ ಅಂಚು, ಕಲ್ಲುಕ್ವಾರಿ, ಹೊಸ ಲೇಔಟ್ ಸ್ಪಷ್ಟವಾಗಿ ಕಾಣುತ್ತವೆ. ಒಂಟಿ ಮನೆ, ಲಾರಿ, ಕಡಿದ ಒಂದು ಮರ ಕಾಣುವುದಿಲ್ಲ. ಪಕ್ಕದವರ ಬೇಲಿ ಒತ್ತುವರಿಯನ್ನು ಇದರಲ್ಲಿ ಸಾಬೀತು ಮಾಡಲು ಹೋಗಬೇಡಿ.

ಬಳಸುವುದು ಹೀಗೆ. ಹುಡುಕುವ ಪೆಟ್ಟಿಗೆಯಲ್ಲಿ ಅಕ್ಷಾಂಶ, ರೇಖಾಂಶವನ್ನು ಅಲ್ಪವಿರಾಮ ಹಾಕಿ ಬರೆಯಿರಿ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 12.94, 77.66. ದತ್ತಾಂಶದ ಪಟ್ಟಿಯಲ್ಲಿ ಸೆಂಟಿನೆಲ್-2 ಎಲ್2ಎ ಆರಿಸಿ, ಅದರಲ್ಲಿ ವಾತಾವರಣದ ಮಬ್ಬನ್ನು ಕಳೆದಿರುತ್ತಾರೆ. ಕ್ಯಾಲೆಂಡರ್ ತೆರೆದರೆ ಚಿತ್ರ ಇರುವ ದಿನಗಳು ಎದ್ದು ಕಾಣುತ್ತವೆ. ಆಮೇಲೆ ಕಣ್ಣಿಗೆ ಕಾಣುವಂಥ ಬಣ್ಣದ ಟ್ರೂ ಕಲರ್ ಪದರ ನೋಡಿ, ಅದೇ ದಿನದ ಫಾಲ್ಸ್ ಕಲರ್‌ಗೆ ಬದಲಿಸಿ.

ಬೆಳ್ಳಂದೂರನ್ನು ಹೆಸರಿಸಲು ಕಾರಣವಿದೆ. ಫಾಲ್ಸ್ ಕಲರ್‌ನಲ್ಲಿ ಅವಕೆಂಪನ್ನು ಕೆಂಪಾಗಿ ತೋರಿಸುವುದರಿಂದ ಜೀವಂತ ಎಲೆಯೆಲ್ಲ ಕೆಂಪಾಗಿ ಕಾಣುತ್ತದೆ, ತೆರೆದ ನೀರು ಕಪ್ಪಾಗಿ. 2017ರ ಫೆಬ್ರವರಿ, 2018ರ ಜನವರಿಯಲ್ಲಿ ಕೆರೆಯಂಗಳದಲ್ಲಿ ಬೆಂಕಿ ಹೊತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ಕೆರೆಯ ಬಹುಭಾಗ ನೀರಿನಂತೆ ಕಾಣುವುದೇ ಇಲ್ಲ. ಅದು ಅಂತರಗಂಗೆ ಮತ್ತು ಇತರ ಕಳೆ. ಕೊಳಚೆ ನೀರಿನ ಸಾರಜನಕ, ರಂಜಕ ತಿಂದು ಬೆಳೆದದ್ದು. ಅಲ್ಲಿ ಸಸ್ಯಸೂಚ್ಯಂಕ ಎನ್‌ಡಿವಿಐ ಹಾಕಿದರೆ ಒಳ್ಳೆಯ ಗದ್ದೆಯಷ್ಟು ಅಂಕ ಬರುತ್ತದೆ. ಎನ್‌ಡಿವಿಐ ಅಳೆಯುವುದು ಹಸಿರೆಲೆಯನ್ನು, ಆ ಎಲೆ ಅಲ್ಲಿರಬೇಕೋ ಬೇಡವೋ ಎಂಬುದನ್ನಲ್ಲ. ಮಲೆನಾಡಿನಲ್ಲಿ ಇದೇ ತೊಡಕು ಇನ್ನೂ ದೊಡ್ಡದು: ನೆರಳಿನ ಕಾಫಿ ತೋಟ, ಅಕೇಶಿಯ ನೆಡುತೋಪು, ಹಳೆಯ ಕಾಡು ಮೂರೂ ಒಂದೇ ಗಾಢ ಹಸಿರು. 'ಕಾಡು ಹೆಚ್ಚಿದೆ' ಎಂದು ಹಸಿರು ನಕ್ಷೆ ತೋರಿಸುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಕಾಡು ಎಂದು.

ಹೊಸಬರಿಗೆ ಹೆಚ್ಚು ಕೈಕೊಡುವುದು ಮೋಡದ ಸೋಸುಗ, ಅಂದರೆ ಹೆಚ್ಚು ಮೋಡವಿರುವ ಚಿತ್ರಗಳನ್ನು ಬಿಟ್ಟುಬಿಡುವ ಫಿಲ್ಟರ್. ಅದರಲ್ಲಿ ಶೇ 20 ಎಂದು ಇಟ್ಟರೆ ಅದು ನಿಮ್ಮ ಕೆರೆಯ ಮೇಲಿನ ಮೋಡದ ಲೆಕ್ಕವಲ್ಲ, ಸುಮಾರು 110 ಕಿಲೋಮೀಟರ್ ಚೌಕದ ಇಡೀ ಚಿತ್ರಹಾಳೆಯದು (ಟೈಲ್). ಘಟ್ಟದ ಮೇಲೆ ಮೋಡ ಕವಿದು ಬಯಲಸೀಮೆ ತಿಳಿಯಾಗಿದ್ದ ದಿನವೂ ಹಾಳೆ ತಿರಸ್ಕೃತವಾಗುತ್ತದೆ. ಆದ್ದರಿಂದ ಅದನ್ನು ಶೇ 60ರವರೆಗೆ ಏರಿಸಿ ಕಣ್ಣಿನಿಂದಲೇ ಆರಿಸುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಘಟ್ಟದ ಸ್ವಚ್ಛ ಚಿತ್ರ ಸಿಗುವುದು ಅಪರೂಪ. ನೆರೆ ನೋಡಬೇಕಿದ್ದರೆ ಮೋಡ ತೂರಿ ನೋಡುವ ಸೆಂಟಿನೆಲ್-1 ರೇಡಾರ್ ಚಿತ್ರಕ್ಕೆ ಹೋಗಿ. ಅದರಲ್ಲಿ ನಿಂತ ನೀರು ಕಪ್ಪು.

ಕೈಕೊಡುವ ಎರಡನೆಯದು ಋತು. ಲಿಂಗನಮಕ್ಕಿ ಹಿನ್ನೀರಿನ ನವೆಂಬರ್ ಚಿತ್ರ ಮೋಹಕ: ನೀಲಿಯೊಳಗೆ ನೂರಾರು ಹಸಿರು ನಡುಗಡ್ಡೆ. ಮೇ ತಿಂಗಳಲ್ಲಿ ಅದೇ ನಡುಗಡ್ಡೆಗಳ ಸುತ್ತ ಕೆಮ್ಮಣ್ಣಿನ ಉಂಗುರ. ಇವೆರಡನ್ನು ಅಕ್ಕಪಕ್ಕ ಇಟ್ಟು 'ಶರಾವತಿ ಬತ್ತಿತು' ಎಂದರೆ ಸುಳ್ಳಾಗುತ್ತದೆ. ಜಲವಿದ್ಯುತ್ ಜಲಾಶಯ ಪ್ರತಿ ಬೇಸಿಗೆಯಲ್ಲೂ ಇಳಿಯುವುದೇ. ಮೇ ಚಿತ್ರವನ್ನು ಇನ್ನೊಂದು ವರ್ಷದ ಮೇ ಚಿತ್ರಕ್ಕೇ ಹೋಲಿಸಿ, ಆ ವರ್ಷಗಳ ಮಳೆಯನ್ನೂ ನೋಡಿ. ಹೋಲಿಕೆಗೆ ಇಲ್ಲಿರುವ ಸಾಧನ ಚೆನ್ನಾಗಿದೆ: ಎರಡು ದಿನಗಳನ್ನು ಕಂಪೇರ್ ವಿಭಾಗಕ್ಕೆ ಸೇರಿಸಿ, ಸ್ಪ್ಲಿಟ್ ಆರಿಸಿ ನಡುವಿನ ಗೆರೆಯನ್ನು ಎಳೆದರಾಯಿತು. ಎರಡಕ್ಕೂ ಒಂದೇ ಗೇನ್, ಒಂದೇ ಗಾಮಾ (ಚಿತ್ರದ ಹೊಳಪನ್ನು ತಿದ್ದುವ ಆಯ್ಕೆಗಳು) ಇರಲಿ. 'ಹೈಲೈಟ್ ಆಪ್ಟಿಮೈಸ್ಡ್' ಸಹಜಬಣ್ಣದ ಪದರ ಗೋಡೆಗೆ ಹಾಕಲು ಸೊಗಸು, ಪುರಾವೆಗೆ ಟ್ರೂ ಕಲರ್ ಸಾಕು. ಕಡತ ಇಳಿಸಿ ಸ್ವತಃ ಲೆಕ್ಕ ಹಾಕುವವರಿಗೆ ಒಂದು ಎಚ್ಚರಿಕೆ: 2022ರ ಜನವರಿ 25ರಿಂದ ಸಂಸ್ಕರಣೆಯ ವಿಧಾನ ಬದಲಾಗಿ ಮೂಲ ಮೌಲ್ಯಗಳಿಗೆ 1000 ಕೂಡಿದೆ. ಕಡತದ ಸಂಸ್ಕರಣಾ ಆವೃತ್ತಿ 04.00 ಅಥವಾ ಮುಂದಿನದಾದರೆ ಮೊದಲು ಅದನ್ನು ಕಳೆಯಿರಿ, ಇಲ್ಲವಾದರೆ ಸೂಚ್ಯಂಕ ಸುಮ್ಮನೆ ಕುಸಿದಂತೆ ಕಾಣುತ್ತದೆ.

ತಾಣದ ದೊಡ್ಡ ಮಿತಿ, ನಮ್ಮ ಊರುಗಳ ಸೆಂಟಿನೆಲ್-2 ಚಿತ್ರ 2015ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಸಂಡೂರಿನ ಬೆಟ್ಟಸಾಲನ್ನೇ ತೆಗೆದುಕೊಳ್ಳಿ. ಹಸಿರು ಮಡಿಕೆಗಳ ನಡುವೆ ಕಬ್ಬಿಣದ ಅದಿರಿನ ಕಡುಗೆಂಪು ಮೆಟ್ಟಿಲುಗಳು ಇಂದಿನ ಚಿತ್ರದಲ್ಲಿ ಅದ್ಭುತವಾಗಿ ಕಾಣುತ್ತವೆ. ಆದರೆ ಬಳ್ಳಾರಿಯಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು 2011ರ ಜುಲೈನಲ್ಲಿ. ಗುಡ್ಡ ಕರಗಿದ ವರ್ಷಗಳು ಅದಕ್ಕೂ ಮುಂಚಿನವು. ಅವಕ್ಕೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಬೇಕು. 1972ರಿಂದ ಆರಂಭವಾದ ಆ ಭಂಡಾರ 2008ರಿಂದ ಉಚಿತ, ಅರ್ತ್‌ಎಕ್ಸ್‌ಪ್ಲೋರರ್ ತಾಣದಲ್ಲಿ ಸಿಗುತ್ತದೆ. 2003ರ ಮೇ 31ರಂದು ಲ್ಯಾಂಡ್‌ಸ್ಯಾಟ್ 7ರ ಒಂದು ಭಾಗ ಕೆಟ್ಟು ಆಮೇಲಿನ ಚಿತ್ರಗಳಲ್ಲಿ ಕಪ್ಪು ಪಟ್ಟೆಗಳಿವೆ. ಹಾಗಾಗಿ ಲ್ಯಾಂಡ್‌ಸ್ಯಾಟ್ 5 ಸಿಕ್ಕಿದರೆ ಅದನ್ನೇ ಆರಿಸಿ, ಬ್ಯಾಂಡ್ 3, 2, 1 ಸೇರಿಸಿದರೆ ಸಹಜ ಬಣ್ಣ. ಪಿಕ್ಸೆಲ್ 30 ಮೀಟರಿನದು. ಸಂಡೂರಿನ ಸುತ್ತ ಉತ್ತ ಹೊಲವೂ ಕೆಂಪಗಿರುವುದರಿಂದ ಗಣಿಯೆಂದು ಗುರುತಿಸುವ ಮುನ್ನ ಅಕ್ಟೋಬರ್ ಚಿತ್ರ ನೋಡಿ: ಹೊಲ ಹಸಿರಾಗಿರುತ್ತದೆ, ಗಣಿ ಆಗಿರುವುದಿಲ್ಲ.

ಬೆಟ್ಟಗಳ ಚಿತ್ರದಲ್ಲಿ ಕಣ್ಣೂ ಮೋಸಹೋಗುತ್ತದೆ. ಡಿಸೆಂಬರಿನ ಬೆಳಗಿನ ಬಿಸಿಲು ಆಗ್ನೇಯದಿಂದ, ಅಂದರೆ ಚಿತ್ರದ ಕೆಳಗಿನಿಂದ ಬೀಳುತ್ತದೆ. ಬೆಳಕು ಮೇಲಿನಿಂದ ಬರುತ್ತದೆಂದೇ ನಂಬುವ ನಮ್ಮ ಕಣ್ಣಿಗೆ ಕಣಿವೆ ಬೆಟ್ಟದ ಏಣಿನಂತೆ, ಏಣು ಕಣಿವೆಯಂತೆ ತೋರುತ್ತದೆ. ಚಿತ್ರವನ್ನು 180 ಡಿಗ್ರಿ ತಿರುಗಿಸಿದರೆ ಸರಿಹೋಗುತ್ತದೆ. ವಾಯವ್ಯದ ಇಳಿಜಾರಿನ ಕಪ್ಪನ್ನು ನೀರೆಂದು ಎಣಿಸಬೇಡಿ, ಅದು ನೆರಳು.

ಬೇರೆ ತಾಣಗಳ ಬಗ್ಗೆ ಚುಟುಕಾಗಿ: ಗೂಗಲ್ ಅರ್ತ್‌ನ ಟೈಮ್‌ಲ್ಯಾಪ್ಸ್ 1984ರಿಂದ ಈಚಿನ ಬದಲಾವಣೆಯನ್ನು ಸರಾಗವಾಗಿ ಓಡಿಸುತ್ತದೆ. ಅರಲ್ ಸಮುದ್ರ ಕುಗ್ಗಿದ್ದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಒಂದೊಂದು ಚೌಕಟ್ಟೂ ವರ್ಷವಿಡೀ ತೆಗೆದ ಚಿತ್ರಗಳ ಬೆರಕೆ, ತಿಂಗಳು ಹೇಳಲಾಗದು. ನಾಸಾದ ವರ್ಲ್ಡ್‌ವ್ಯೂ ದಿನದಿನದ ಚಿತ್ರ ಕೊಡುತ್ತದೆ, 250 ಮೀಟರ್ ಸ್ಪಷ್ಟತೆಯಲ್ಲಿ. ಅಕ್ಟೋಬರ್–ನವೆಂಬರ್‌ನಲ್ಲಿ ಪಂಜಾಬಿನ ಕೂಳೆಬೆಂಕಿಯ ಹೊಗೆ ಗಂಗಾ ಬಯಲಿಗೆ ಹರಡುವುದನ್ನು ನೋಡಲು ಅದೇ ಸರಿ.

ಕೋಪರ್ನಿಕಸ್ ಬ್ರೌಸರಿನಲ್ಲಿ ಕನ್ನಡ ಇಲ್ಲ, ಮತ್ತು ಫೋನಿನ ಪುಟ್ಟ ಪರದೆಯಲ್ಲಿ ಹೋಲಿಕೆಯ ಕೆಲಸ ಕಷ್ಟ. ಕಂಪ್ಯೂಟರ್ ಮುಂದೆ ಕೂತೇ ಮಾಡಬೇಕು. ಚಿತ್ರ ಮುದ್ರಿಸುವವರು ಅಳತೆಯನ್ನು ಮೊದಲೇ ಲೆಕ್ಕ ಹಾಕಿ. ಎ3 ಹಾಳೆಗೆ ಇಂಚಿಗೆ 300 ಚುಕ್ಕಿಯಂತೆ 3508 ಗುಣಿಸು 4961 ಪಿಕ್ಸೆಲ್ ಬೇಕು, ಅಂದರೆ ಸುಮಾರು 35 ಗುಣಿಸು 50 ಕಿಲೋಮೀಟರ್ ನೆಲ. ಇಡೀ ಲಿಂಗನಮಕ್ಕಿ ಹಿನ್ನೀರು ಅದರಲ್ಲಿ ಚೆನ್ನಾಗಿ ಬರುತ್ತದೆ. ಬೆಳ್ಳಂದೂರು ಕೆರೆಯೊಂದನ್ನೇ ಎ3ಗೆ ಹಿಗ್ಗಿಸಿದರೆ ಮಬ್ಬಾಗುತ್ತದೆ, ಅದಕ್ಕೆ ಅಂಚೆಕಾರ್ಡಿನ ಗಾತ್ರ ಮೇಲು. ಅಡಿಯಲ್ಲಿ ಕೋಪರ್ನಿಕಸ್ ಸೆಂಟಿನೆಲ್ ದತ್ತಾಂಶ ಎಂದು ವರ್ಷದೊಂದಿಗೆ ನಮೂದಿಸುವುದು ಪರವಾನಗಿಯ ಷರತ್ತು. ಅದರ ಪಕ್ಕದಲ್ಲೇ ಪೂರ್ತಿ ತಾರೀಖನ್ನೂ ಬಳಸಿದ ಬಣ್ಣದ ಪದರದ ಹೆಸರನ್ನೂ ಅಚ್ಚು ಹಾಕಿಸಿ.