ಗಡಿನಾಡಿನ ಅಪ್ಪ ಅಮ್ಮಂದಿರೇ, ನೀಟ್ ರಿಸಲ್ಟ್ ಬರಲಿ ಅಂತ ಕಾಯಬೇಡಿ

ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನಲ್ಲಿದ್ದು, ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುವ, ಮಕ್ಕಳನ್ನು ಡಾಕ್ಟರ್ ಓದಿಸಬೇಕು ಅಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಪ್ಲಸ್ ಟು ಎರಡನೇ ವರ್ಷದಲ್ಲಿದ್ದರೆ ಇವತ್ತೇ ಓದಿ. ನಮ್ಮ ಮನೆಯಲ್ಲಿ ಒಂದು ವರ್ಷವೂ ಹೋಯಿತು, ಎರಡೂವರೆ ಲಕ್ಷ ರೂಪಾಯಿಯೂ ಹೋಯಿತು. ಮಗಳು ಓದದೆ ಹೋದದ್ದಲ್ಲ. ನಾನು ಕೇಳಬೇಕಾದ್ದನ್ನು ಸರಿಯಾದ ಕಡೆ ಕೇಳದೆ ಹೋದದ್ದು.

ನಮ್ಮದು ಪೆರ್ಲದ ಹತ್ತಿರ. ಒಂದೂವರೆ ಎಕರೆ ಅಡಿಕೆ, ಸ್ವಲ್ಪ ಕಾಳುಮೆಣಸು, ಎರಡು ದನ. ಮಗಳು ಒಂದರಿಂದ ಹತ್ತರವರೆಗೆ ಊರಿನ ಕನ್ನಡ ಮೀಡಿಯಂ ಶಾಲೆಯಲ್ಲೇ ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲದಕ್ಕೂ ಎ ಪ್ಲಸ್. ಕ್ಲಬ್ಬಿನವರು ಪೇಟೆಯಲ್ಲಿ ಅವಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ಪ್ಲಸ್ ಟುವಿನಲ್ಲಿ ಸಯನ್ಸ್ ತೆಗೆದುಕೊಂಡಾಗ ಯಾರೂ ಅವಳಿಗೆ ಡಾಕ್ಟರ್ ಆಗು ಅಂತ ಹೇಳಿರಲಿಲ್ಲ. ಅದು ಅವಳಿಗೇ 2020ರಲ್ಲಿ ಹೊಳೆದದ್ದು. ಆ ವರ್ಷ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದರಲ್ಲ, ಆಗ ಅವಳು ಏಳನೇ ಕ್ಲಾಸು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ಮಂಗಳೂರಿಗೆ ದಾಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು. ನನ್ನ ಅಮ್ಮನಿಗೆ ಹೃದಯದ ಮಾತ್ರೆ ಮಂಗಳೂರಿನಿಂದಲೇ ಬರಬೇಕಿತ್ತು. ಮಗಳು ದಿನಾ ಸಂಜೆ ಅಜ್ಜಿಯ ಮಾತ್ರೆಯ ಹಾಳೆ ತೆಗೆದು ಉಳಿದದ್ದನ್ನು ಎಣಿಸುತ್ತಿದ್ದಳು. ಎಣಿಸಿ ಏನೂ ಹೇಳದೆ ಡಬ್ಬದಲ್ಲಿ ಇಡುತ್ತಿದ್ದಳು.

ಆದ್ದರಿಂದ ಅವಳ ಓದಿನ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ದುಡ್ಡಿನದ್ದು. ಅಲ್ಲೇ ನಾನು ಎಡವಿದೆ.

2024ರ ಡಿಸೆಂಬರಿನಲ್ಲಿ ಪರಿಚಯದವರೊಬ್ಬರು ಪೇಟೆಯ ಒಂದು ಅಡ್ಮಿಷನ್ ಆಫೀಸಿಗೆ ಕರೆದುಕೊಂಡು ಹೋದರು. ಗೋಡೆ ತುಂಬ ಬಿಳಿ ಕೋಟು ಹಾಕಿದ ಮಕ್ಕಳ ಫೋಟೋ. ಅಲ್ಲಿದ್ದವರು ಕನ್ನಡ, ತುಳು, ಮಲಯಾಳ ಎಲ್ಲವನ್ನೂ ಚೆನ್ನಾಗಿ ಮಾತಾಡುತ್ತಿದ್ದರು. 'ಅರ್ಜಿ ಹಾಕುವುದರಿಂದ ಕಾಲೇಜಿಗೆ ಸೇರುವವರೆಗೆ ಎಲ್ಲ ನಮ್ಮದು, ನೀವು ಟೆನ್ಷನ್ ಮಾಡಬೇಡಿ ಅಣ್ಣಾ' ಅಂದರು. 45 ಸಾವಿರ ಕೊಟ್ಟೆ. ರಶೀದಿ ಕೇಳಿದೆ, ಚೀಟಿಯಲ್ಲಿ ಬರೆದು ಕೊಟ್ಟರು.

ಜನವರಿಯಲ್ಲಿ ನಾನೇ ಒಂದು ಸಲ ಕೇಳಿದ್ದೆ. 'ನಾವು ಗಡಿನಾಡಿನವರು, ಕರ್ನಾಟಕದಲ್ಲಿ ನಮಗೆ ಏನೋ ಉಂಟಂತೆ, ಹೌದಾ?' ಅವರು ತಲೆ ಎತ್ತದೆ ಹೇಳಿದರು: 'ಅದೆಲ್ಲ ಇಂಜಿನಿಯರಿಂಗಿಗೆ. ಮೆಡಿಕಲ್ಲಿಗೆ ನೀಟ್ ಬರಲಿ, ಆಮೇಲೆ ನೋಡುವ.'

ಆ ಒಂದು ಮಾತನ್ನು ನಂಬಿದೆ. ಅದು ಸುಳ್ಳು.

ನಿಜ ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನಲ್ಲಿ ಮೇಷ್ಟ್ರುಗಳಿಗೂ ಇದು ಪೂರ್ತಿ ಗೊತ್ತಿಲ್ಲ. ಕರ್ನಾಟಕದ ಸರ್ಕಾರಿ ಸೀಟುಗಳನ್ನು ಹಂಚುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅದರ ನಿಯಮದಲ್ಲಿ ಗಡಿನಾಡು ಕನ್ನಡಿಗ ಅಂತ ಒಂದು ಅರ್ಹತೆ ಇದೆ. ನಮ್ಮ ಕಡೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು. ಮಹಾರಾಷ್ಟ್ರದ ಕಡೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜ್. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಒಂದರಿಂದ ಹನ್ನೆರಡನೇ ತರಗತಿಯ ನಡುವೆ ಕನಿಷ್ಠ 7 ವರ್ಷ ಈ ತಾಲೂಕುಗಳಲ್ಲೇ ಇದ್ದು ಓದಿರಬೇಕು. ಇಷ್ಟಿದ್ದರೆ ನಮ್ಮ ಮಕ್ಕಳೂ ಕರ್ನಾಟಕದ ಸರ್ಕಾರಿ ಸೀಟಿಗೆ ಅರ್ಹರು. ಮೆಡಿಕಲ್ಲಿಗೂ ಅರ್ಹರು.

ಅದಕ್ಕೆ ಒಂದು ಷರತ್ತು ಇದೆ. ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆದು ಪಾಸಾಗಬೇಕು. 50 ಅಂಕದ ಪರೀಕ್ಷೆ. 12 ಬಂದರೆ ಸಾಕು. ನಾಲ್ಕನೇ ಕ್ಲಾಸಿನ ಮಟ್ಟದ ಕನ್ನಡ. ಹತ್ತು ವರ್ಷ ಕನ್ನಡದಲ್ಲೇ ಓದಿದ, ಯುವಜನೋತ್ಸವದಲ್ಲಿ ಕನ್ನಡ ಪ್ರಬಂಧಕ್ಕೆ ಬಹುಮಾನ ತಂದ ಹುಡುಗಿ ನಮ್ಮವಳು. ಆ ಪರೀಕ್ಷೆಯನ್ನು ಅವಳು ಬರೆಯಲಿಲ್ಲ.

ಯಾಕೆಂದರೆ ಆ ಪರೀಕ್ಷೆ ನೀಟ್ ಆದ ಮೇಲೆ ಅಲ್ಲ. ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯ ಜೊತೆಗೆ. ಅರ್ಜಿ ಹಾಕುವುದು ವರ್ಷದ ಶುರುವಿಗೇ, ಮಕ್ಕಳು ಪ್ಲಸ್ ಟು ಪ್ರಾಕ್ಟಿಕಲ್ಲಿನ ಗಡಿಬಿಡಿಯಲ್ಲಿ ಇರುವಾಗ. 2025ರಲ್ಲಿ ಭಾಷಾ ಪರೀಕ್ಷೆ ಏಪ್ರಿಲಿನಲ್ಲಿ ಮುಗಿದಿತ್ತು. ನೀಟ್ ಇದ್ದದ್ದು ಮೇ 4ಕ್ಕೆ. ರಿಸಲ್ಟ್ ಬಂದದ್ದು ಜೂನ್ 14ಕ್ಕೆ. 'ನೀಟ್ ಬರಲಿ, ಆಮೇಲೆ ನೋಡುವ' ಅಂತ ಕೂತವರಿಗೆ ಆ ಬಾಗಿಲು ಮುಚ್ಚಿ ಎರಡು ತಿಂಗಳಾಗಿತ್ತು.

ಆ ವರ್ಷದ ನೀಟ್ ಪೇಪರ್ ಎಷ್ಟು ಕಷ್ಟ ಇತ್ತು ಅಂತ ಬರೆದ ಮಕ್ಕಳಿಗೆ ಗೊತ್ತು. ಮಗಳಿಗೆ 720ರಲ್ಲಿ ಐನೂರು ದಾಟಿತ್ತು. ರ್‍ಯಾಂಕ್ ಐವತ್ತು ಸಾವಿರದ ಆಸುಪಾಸು. ನಾನು ಮರುದಿನವೇ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಓಡಿದೆ. ಅಲ್ಲಿ ಕೂತಿದ್ದ ಹುಡುಗಿ ಕೆಇಎ ಪುಟ ತೆರೆದು ಓದುತ್ತಾ ಹೋದಳು. ಒಂದು ಕಡೆ ನಿಲ್ಲಿಸಿ ಕೇಳಿದಳು: 'ಇದರಲ್ಲಿ ಕನ್ನಡ ಪರೀಕ್ಷೆ ಅಂತ ಉಂಟಲ್ಲ ಮಾವ, ಅವಳು ಬರೆದಿದ್ದಾಳಾ?' ನನ್ನ ಹಿಂದೆ ರೇಷನ್ ಕಾರ್ಡ್ ತಿದ್ದಿಸಲು ಬಂದವರ ಸಾಲು ಇತ್ತು. ನಾನು ಎದ್ದು ಹೊರಗೆ ಬಂದೆ.

ಆಗ ಉಳಿದದ್ದು ಕೇರಳದ ಸೀಟು. ಅದಕ್ಕೆ ಕೀಮ್, ಅಂದರೆ ಕೇರಳದ ಪ್ರವೇಶ ವ್ಯವಸ್ಥೆಯ ಅರ್ಜಿಯನ್ನು ಶಾಲೆಯವರೇ ನೆನಪು ಮಾಡಿ ಹಾಕಿಸಿದ್ದರು, ಅವರಿಗೆ ಪುಣ್ಯ ಬರಲಿ. ಮೆಡಿಕಲ್ಲಿಗೆ ನೀಟ್ ಮಾರ್ಕೇ ಲೆಕ್ಕ ಆದರೂ ಕೀಮ್‌ನಲ್ಲಿ ಮೊದಲೇ ಅರ್ಜಿ ಹಾಕಿರಬೇಕು. ಇದನ್ನು ಬಿಟ್ಟವರೂ ಇದ್ದಾರೆ. ಕೇರಳದ ಸರ್ಕಾರಿ ಕಾಲೇಜಿನಲ್ಲಿ ವರ್ಷದ ಟ್ಯೂಷನ್ ಫೀಸು ಮೂವತ್ತು ಸಾವಿರದ ಒಳಗೆ. ಅಲ್ಲಿಗೆ ಅವಳ ರ್‍ಯಾಂಕ್ ಸ್ವಲ್ಪದರಲ್ಲಿ ತಪ್ಪಿತು. ಸೆಲ್ಫ್ ಫೈನಾನ್ಸ್ ಕಾಲೇಜು ಅಂದರೆ ವರ್ಷಕ್ಕೆ ಏಳೆಂಟು ಲಕ್ಷ. ನಮ್ಮ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು. ಮಗಳು ಬಸ್ಸಿನ ಕಿಟಕಿಯಿಂದ ಆ ಕಟ್ಟಡ ನೋಡುತ್ತಲೇ ಬೆಳೆದಳು. ಅದಕ್ಕೆ 50 ಎಂಬಿಬಿಎಸ್ ಸೀಟಿನ ಅನುಮತಿ ಬಂದದ್ದು 2025ರ ಸೆಪ್ಟೆಂಬರಿನಲ್ಲಿ.

ಕರ್ನಾಟಕದಲ್ಲಾದರೆ ಖಾಸಗಿ ಕಾಲೇಜಿನಲ್ಲೂ ಸರ್ಕಾರಿ ಕೋಟಾದ ಸೀಟು ಒಂದಷ್ಟು ಇರುತ್ತದೆ. ಅದರ ಫೀಸು ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಅಡಿಕೆ ಇರುವ ಮನೆ ಹೇಗಾದರೂ ತೂಗಿಸಬಹುದಾದ ದುಡ್ಡು. ನಮ್ಮ ಮಗಳಿಗಿಂತ ಹಿಂದಿನ ರ್‍ಯಾಂಕಿನ ಹುಡುಗನೊಬ್ಬ, ನಮಗಿಂತ ಮೂರು ಕಿಲೋಮೀಟರ್ ಆಚೆಯವನು, ಗಡಿನಾಡು ಅರ್ಹತೆಯಲ್ಲಿ ಅಂಥದ್ದೇ ಸೀಟು ಹಿಡಿದ. ಅವನ ಸೋದರಮಾವ ಪುತ್ತೂರಿನಲ್ಲಿ ಕಾಲೇಜು ಲೆಕ್ಚರರ್. ಭಾಷಾ ಪರೀಕ್ಷೆಯ ವಿಷಯ ಅವರಿಗೆ ಗೊತ್ತಿತ್ತು. ಅವನಿಗೂ ನಮ್ಮವಳಿಗೂ ಇದ್ದ ವ್ಯತ್ಯಾಸ ಅಷ್ಟೇ.

ಇಷ್ಟಕ್ಕೆ ನಿಲ್ಲಲಿಲ್ಲ. ಆಫೀಸಿನವರು 'ಎಂಸಿಸಿಯಲ್ಲಿ ಹಾಕುವ, ದೇಶದ ಎಲ್ಲ ಕಾಲೇಜೂ ಸಿಗುತ್ತದೆ' ಅಂದರು. ಎಂಸಿಸಿ ಅಂದರೆ ಕೇಂದ್ರದ ಕೌನ್ಸೆಲಿಂಗ್ ಸಮಿತಿ. ಸರ್ಕಾರಿ ಕಾಲೇಜುಗಳ ಶೇಕಡಾ 15 ಸೀಟು, ಏಮ್ಸ್, ಜಿಪ್ಮರ್, ಡೀಮ್ಡ್ ಕಾಲೇಜು (ವಿಶ್ವವಿದ್ಯಾಲಯದ ಸ್ಥಾನಮಾನ ಇರುವ, ಫೀಸು ಬಹಳ ಜಾಸ್ತಿ ಇರುವ ಖಾಸಗಿ ಕಾಲೇಜು) ಎಲ್ಲ ಅದರ ಕೈಯಲ್ಲಿ. ಬರೇ ಸರ್ಕಾರಿ ಸೀಟಿಗೆ ಅಂತ ನೋಂದಾಯಿಸಿದರೆ ಜನರಲ್‌ನವರಿಗೆ 1,000 ರೂಪಾಯಿ ಫೀಸು, 10,000 ಡೆಪಾಸಿಟ್. ಡೀಮ್ಡ್ ಕೂಡ ಬೇಕು ಅಂದರೆ 5,000 ಫೀಸು, 2 ಲಕ್ಷ ಡೆಪಾಸಿಟ್. ಅವರು ನಮಗೆ ಎರಡನೆಯದ್ದನ್ನೇ ಹಾಕಿಸಿದರು. 'ಡೆಪಾಸಿಟ್ ಅಲ್ವಾ, ವಾಪಸ್ ಬರ್ತದೆ.' ಹೆಂಡತಿಯ ಎರಡು ಬಳೆ ಸೊಸೈಟಿಯಲ್ಲಿಟ್ಟು ಕೊಟ್ಟೆ. ನೋಂದಣಿಗೆ ಹಾಕಿದ ಈಮೇಲ್ ಅವರ ಆಫೀಸಿನದ್ದು. ಪಾಸ್‌ವರ್ಡ್ ಅವರದ್ದು. ಅದು ಯಾಕೆ ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಮೊದಲ ರೌಂಡಿನಲ್ಲಿ ಏನೂ ಸಿಗಲಿಲ್ಲ. ಎರಡನೇ ರೌಂಡಿನ ಹೊತ್ತಿಗೆ ಒಂದು ದಿನ ತೋಟದಲ್ಲಿದ್ದೆ. ಮಳೆ ಬಿಟ್ಟ ಗಳಿಗೆ ನೋಡಿ ಮದ್ದು ಬಿಡಿಸುತ್ತಿದ್ದೆ. ಕೈಯೆಲ್ಲ ಮೈಲುತುತ್ತದ ನೀಲಿ. ಫೋನ್ ಬಂತು. ಒರಸಿಕೊಳ್ಳಲೂ ಆಗದೆ ಮೊಣಕೈಯಿಂದ ಒತ್ತಿ ಕಿವಿಗೆ ಹಿಡಿದೆ. 'ಅಣ್ಣಾ, ಲಿಸ್ಟ್ ಲಾಕ್ ಮಾಡ್ತಾ ಇದ್ದೇವೆ, ಆಗಬಹುದಲ್ವಾ?' ಮೇಲೆ ಮರದಲ್ಲಿದ್ದವನು ಹಗ್ಗ ಎಳೆಯಲು ಕೂಗುತ್ತಿದ್ದ. 'ಆಯ್ತು ಆಯ್ತು' ಅಂದೆ.

ಯಾವ ಕಾಲೇಜು ಬೇಕು ಅಂತ ನಾವು ಸಾಲಾಗಿ ಬರೆದು ಕೊಡುವ ಲಿಸ್ಟ್ ಅದು, ಅದರಲ್ಲಿ 22 ಹೆಸರಿತ್ತು. ಮೊದಲ ಮೂರು ಸರ್ಕಾರಿ ಕಾಲೇಜು. ಉಳಿದ ಹತ್ತೊಂಬತ್ತೂ ಡೀಮ್ಡ್. ಮಗಳಿಗೆ ತೋರಿಸಿರಲೇ ಇಲ್ಲ. ಬೇರೆ ರಾಜ್ಯದ ಒಂದು ಡೀಮ್ಡ್ ಕಾಲೇಜು ಸಿಕ್ಕಿತು. ಫೀಸು ವರ್ಷಕ್ಕೆ 23 ಲಕ್ಷ.

ಆಫೀಸಿನವರು ಫೋನಿನಲ್ಲಿ ಅಭಿನಂದನೆ ಹೇಳಿದರು. ಮೊದಲ ವರ್ಷ ಸಾಲ ಮಾಡಿ, ಮುಂದಿನದ್ದು ನೋಡುವ ಅಂದರು. ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆಯವರು. ಕ್ಯಾಲ್ಕುಲೇಟರಿನಲ್ಲಿ 23ನ್ನು ನಾಲ್ಕೂವರೆಯಿಂದ ಗುಣಿಸಿ ಅದನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಒಂದು ಕೋಟಿ ಮೂರೂವರೆ ಲಕ್ಷ. ಹಾಸ್ಟೆಲು, ಊಟ, ಬಡ್ಡಿ ಸೇರಿಸದೆ. 'ಇಷ್ಟು ದೊಡ್ಡ ಸಾಲಕ್ಕೆ ತೋಟವನ್ನೇ ಅಡವು ಇಡಬೇಕಾಗುತ್ತದೆ. ತೀರಿಸುವ ಲೆಕ್ಕ ನಿಮ್ಮ ಹತ್ತಿರ ಇದೆಯಾ?' ಅಂತ ಮೆಲ್ಲಗೆ ಕೇಳಿದರು. ನನ್ನ ಪಕ್ಕದಲ್ಲಿ ಮಗಳಿದ್ದಳು. ಅವಳೇ ಹೇಳಿದಳು, 'ಬೇಡ ಸಾರ್.'

ಸೇರದಿದ್ದರೆ ಡೆಪಾಸಿಟ್ ವಾಪಸ್ ಬರುತ್ತದೆ ಅಂದುಕೊಂಡಿದ್ದೆವು. ಬರುವುದಿಲ್ಲ. ಮೊದಲ ರೌಂಡಿನಲ್ಲಿ ಸಿಕ್ಕಿದ ಸೀಟು ಬೇಡ ಅಂದರೆ ನಷ್ಟವಿಲ್ಲ. ಎರಡನೇ ರೌಂಡಿನಲ್ಲಿ ಸಿಕ್ಕಿ ಸೇರದಿದ್ದರೆ ಡೆಪಾಸಿಟ್ ಮುಟ್ಟುಗೋಲು. ಅದು ನಿಯಮ, ಎಲ್ಲರಿಗೂ ಒಂದೇ, ಎಂಸಿಸಿಯ ತಪ್ಪು ಅಲ್ಲ. ಆ ನಿಯಮ ಗೊತ್ತಿದ್ದೂ ನಮಗೆ ಹೇಳದವರ ತಪ್ಪು. ಓದದೆ 'ಆಯ್ತು' ಅಂದ ನನ್ನ ತಪ್ಪು.

ಅವರು ಹಾಗೆ ಯಾಕೆ ಮಾಡಿದರು ಅಂತ ಬಹಳ ದಿನ ಯೋಚಿಸಿದೆ. ಸರ್ಕಾರಿ ಸೀಟಿಗೆ ಸೇರಿಸಿದರೆ ಅವರಿಗೆ ಯಾರೂ ಏನೂ ಕೊಡುವುದಿಲ್ಲ. ದೊಡ್ಡ ಫೀಸಿನ ಕಡೆಗೆ ಮಕ್ಕಳನ್ನು ತಳ್ಳಿದರೆ ಮಾತ್ರ ಅವರಿಗೆ ಲಾಭ. ಗಡಿನಾಡು ಅರ್ಹತೆಯ ಬಗ್ಗೆ ಅವರು ಬಾಯಿ ಬಿಡದೆ ಇದ್ದದ್ದು ಮರೆತು ಅಲ್ಲ ಅಂತಲೇ ನನಗೆ ಅನಿಸುತ್ತದೆ.

ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂದರೆ ದಸರಾ ರಜೆಯಲ್ಲೇ ಕಾಗದ ಪತ್ರ ಶುರು ಮಾಡಿ. ತಾಲೂಕಿನಲ್ಲಿ ವಾಸ ಇರುವುದಕ್ಕೆ, ಮಾತೃಭಾಷೆಗೆ, ಓದಿದ ಶಾಲೆಗಳಿಗೆ ಸರ್ಟಿಫಿಕೇಟ್ ಬೇಕು. ವಿಲ್ಲೇಜ್ ಆಫೀಸು, ತಾಲೂಕು ಆಫೀಸು, ಶಾಲೆ, ಮೂರು ಕಡೆ ಅಲೆಯಬೇಕು. ನಮ್ಮಲ್ಲಿ ಮಗಳು ಓದಿದ ಎಲ್‌ಪಿ ಶಾಲೆಯ ಹಳೆ ರಿಜಿಸ್ಟರ್ ಹುಡುಕುವುದಕ್ಕೇ ಒಂದು ವಾರ ಹಿಡಿಯಿತು. ಕೆಇಎ ಮಾಹಿತಿ ಪುಸ್ತಕದಲ್ಲಿ ಯಾವ ಸರ್ಟಿಫಿಕೇಟ್ ಯಾವ ನಮೂನೆಯಲ್ಲಿ ಇರಬೇಕು ಅಂತ ಇರುತ್ತದೆ. ಆ ವರ್ಷದ ಪುಸ್ತಕವನ್ನೇ ನೋಡಿ, ಹಳೆಯದ್ದು ಬೇಡ. ಕನ್ನಡದಲ್ಲೇ ನೀಟ್ ಬರೆಯುವ ಮಕ್ಕಳಿದ್ದರೆ ಪರೀಕ್ಷಾ ಕೇಂದ್ರವನ್ನು ಮಂಗಳೂರು ಕೊಡಿ. ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ.

ಮ್ಯಾನೇಜ್‌ಮೆಂಟ್ ಸೀಟು ನೇರವಾಗಿ ಕೊಡಿಸುತ್ತೇವೆ ಅಂದವರ ಹತ್ತಿರ ಕೂರಲೂ ಬೇಡಿ. 2017ರಿಂದ ಡೀಮ್ಡ್ ಸೀಟೂ ಎಂಸಿಸಿ ಮೂಲಕವೇ. ಡೆಪಾಸಿಟ್ ಕಟ್ಟುವಾಗ ನಿಮ್ಮದೇ ಖಾತೆಯಿಂದ ಕಟ್ಟಿ. ವಾಪಸ್ ಬರುವ ದುಡ್ಡು ಕಟ್ಟಿದ ಖಾತೆಗೇ ಬರುತ್ತದೆ, ಏಜೆಂಟನ ಕಾರ್ಡಿನಲ್ಲಿ ಕಟ್ಟಿದರೆ ಏಜೆಂಟನಿಗೆ. ಲಿಸ್ಟಿನಲ್ಲಿ ಒಂದೊಂದು ಕಾಲೇಜು ಹಾಕುವ ಮೊದಲೂ ಅದರ ಪೂರ್ತಿ ಫೀಸು ಪಕ್ಕದಲ್ಲಿ ಬರೆಯಿರಿ. ಸಿಕ್ಕಿದರೆ ಸೇರಲು ಆಗದ ಕಾಲೇಜನ್ನು ಸುಮ್ನೆ ಇರಲಿ ಅಂತ ಹಾಕಲೇಬೇಡಿ.

ಮಗಳು ಒಂದು ವಾರ ಕೋಣೆಯಿಂದ ಜಾಸ್ತಿ ಹೊರಗೆ ಬರಲಿಲ್ಲ. ಆಮೇಲೆ ಒಂದು ದಿನ ಪುಸ್ತಕಗಳಿಗೆ ಹೊಸ ಬೈಂಡು ಹಾಕುತ್ತಾ ಕೂತಳು. ಈಗ ಮನೆಯಲ್ಲೇ ಓದುತ್ತಾಳೆ. ರಿಪೀಟರ್ ಬ್ಯಾಚಿಗೆ ದೂರ ಕಳಿಸಲು ದುಡ್ಡು ಉಳಿದಿರಲಿಲ್ಲ. ಅವಳೂ ಕೇಳಲಿಲ್ಲ. ಈ ಸಲ ಕೆಇಎ ಅರ್ಜಿ, ಕೀಮ್ ಅರ್ಜಿ ಎರಡನ್ನೂ ಅವಳೇ ಅಕ್ಷಯದಲ್ಲಿ ಕೂತು ತುಂಬಿದಳು. ಗಡಿನಾಡು ಕನ್ನಡಿಗ ಅನ್ನುವ ಕಡೆ ಗುರುತು ಹಾಕುವಾಗ ನನ್ನನ್ನು ಕರೆದು ತೋರಿಸಿದಳು. ಫೋನ್ ನಂಬರ್ ನನ್ನದು, ಈಮೇಲ್ ಅವಳದ್ದು. ಪಾಸ್‌ವರ್ಡ್ ಫಿಸಿಕ್ಸ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ.