ಡಯಲಿನ ನಡುವಿನ ಸಂಖ್ಯಾಚೀಟಿ: ಶಿರಸಿಯ ಒಂದು ಮುದ್ರಣದಂಗಡಿ

ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಹಳೆಯ ಕಪ್ಪು ದೂರವಾಣಿಯ ಡಯಲಿನ ನಡುವೆ ಕೂರುವ ದುಂಡು ಸಂಖ್ಯಾಚೀಟಿ ಮಾಸಿಹೋಗಿದ್ದರಿಂದ, ಶಿರಸಿ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಪುಟ್ಟ ಅಂಗಡಿಯೊಂದರಲ್ಲಿ ಹೊಸದನ್ನು ಮಾಡಿಸಿದೆ. ಅಂಗಡಿಯವರು ಹಳೆಯದನ್ನೇ ಸ್ಕ್ಯಾನ್ ಮಾಡುವ ಸುಲಭದ ದಾರಿ ಹಿಡಿಯದೆ, ಅದರ ವ್ಯಾಸವನ್ನು ಅಳೆದು, ಅಂಚನ್ನು ಲೋಹದ ಉಂಗುರ ಮುಚ್ಚುವುದೆಂದು ಬರಹವನ್ನು ತುಸು ಒಳಕ್ಕೆ ಸರಿಸಿ, ಮೇಲೆ ಸಣ್ಣದಾಗಿ ಶಿರಸಿಯ ಎಸ್‌ಟಿಡಿ ಸಂಕೇತ 08384, ಕೆಳಗೆ ದಪ್ಪಕ್ಷರದಲ್ಲಿ ಮನೆಯ ಸಂಖ್ಯೆ ಬರುವಂತೆ ಜೋಡಿಸಿದರು. ಕಾಗದ ಮಾತ್ರ ಮೊದಲು ಹಿಡಿಸಲಿಲ್ಲ. ಹೊಳೆಯುವ ಬಿಳಿ ಆರ್ಟ್ ಪೇಪರ್ ಪಾರದರ್ಶಕ ಮುಚ್ಚಳದಡಿ ಕಣ್ಣಿಗೆ ಹೊಡೆಯುತ್ತಿತ್ತು. ಹೇಳಿದಾಗ ಬೇಸರಿಸದೆ ಕೆನೆಬಣ್ಣದ ಕಾರ್ಡಿನಲ್ಲಿ ಮತ್ತೆ ಅಚ್ಚುಹಾಕಿಕೊಟ್ಟರು. ಮಳೆಗಾಲದ ತೇವಕ್ಕೆ ಇಂಕ್‌ಜೆಟ್ ಶಾಯಿ ಹರಡಬಹುದಾದ್ದರಿಂದ ಲೇಸರ್ ಮುದ್ರಣವನ್ನೇ ಕೇಳಿ ಪಡೆಯುವುದು ಒಳ್ಳೆಯದು. ಕತ್ತರಿಸುವ ಕೆಲಸ ಕೈಯಿಂದಲೇ ನಡೆಯುವ ಕಾರಣ ಅಂಚು ಕೊಂಚ ಅಂಕುಡೊಂಕಾಗಿದೆ, ಆದರೆ ಉಂಗುರ ಕೂರಿಸಿದ ಮೇಲೆ ಅದು ಕಾಣುವುದಿಲ್ಲ.